ನಾಲೆಯ ಕೊನೇ ಭಾಗದಿಂದ ಶುರುವಾಗಲಿ ರಾಜ್ಯಶಾಸ್ತ್ರ

ದ್ವಿತೀಯ ಪಿಯು ರಾಜ್ಯಶಾಸ್ತ್ರದ ಉತ್ತರ ಪತ್ರಿಕೆ ತಿದ್ದಿದವರಿಗೆಲ್ಲ ಇದು ಗೊತ್ತು. ಭಾರತದ ವಿದೇಶಾಂಗ ನೀತಿಯ ಲಕ್ಷಣಗಳನ್ನು ಕೇಳಿದರೆ ಇಡೀ ತರಗತಿ ಒಂದೇ ಉತ್ತರ ಬರೆದಿರುತ್ತದೆ. ಪಂಚಶೀಲ, ಅಲಿಪ್ತ ನೀತಿ, ವಸಾಹತುಶಾಹಿಗೆ ವಿರೋಧ, ನಿಶ್ಶಸ್ತ್ರೀಕರಣ. ಎಲ್ಲವೂ ಗೈಡಿನಲ್ಲಿದ್ದ ಕ್ರಮದಲ್ಲೇ, ಗೈಡಿನ ಮಾತಿನಲ್ಲೇ. ‘ಯಾರಿಂದ ಅಲಿಪ್ತ?’ ಎಂದು ಒಂದು ಮರುಪ್ರಶ್ನೆ ಹಾಕಿದರೆ ತರಗತಿ ತಲೆ ತಗ್ಗಿಸುತ್ತದೆ.

ಅದೇ ಮಕ್ಕಳು ಮದ್ದೂರಿಂದ ಕೊಪ್ಪಕ್ಕೋ ಮಳವಳ್ಳಿಯಿಂದ ಕಿರುಗಾವಲಿಗೋ ಹೋಗುವ ಬಸ್ಸಿನಲ್ಲಿ ಕೂತರೆ ಮಾತೇ ಬೇರೆ. 2019ರಲ್ಲಿ ಮಂಡ್ಯದಲ್ಲಿ ಪಕ್ಷೇತರ ಅಭ್ಯರ್ಥಿ ಗೆದ್ದದ್ದು ಹೇಗೆ, ಈ ಸಲ ಕೆಆರ್‌ಎಸ್‌ನಲ್ಲಿ ಎಷ್ಟು ಅಡಿ ನೀರಿದೆ, ಕಾರ್ಖಾನೆ ಕಬ್ಬಿನ ದುಡ್ಡು ಎಂದು ಕೊಡುತ್ತದೆ ಎಂಬುದನ್ನೆಲ್ಲ ಬಾಯಿತುಂಬ ಚರ್ಚಿಸುತ್ತಾರೆ. ಮಂಡ್ಯ ಸೀಮೆಯಲ್ಲಿ ರಾಜಕೀಯ ಮಾತಾಡದ ಮನೆ ಸಿಗುವುದು ಕಷ್ಟ. ಮನೆಯಲ್ಲಿ ಇಷ್ಟು ತಿಳಿದಿರುವ ಮಕ್ಕಳು ತರಗತಿಗೆ ಬಂದೊಡನೆ ಮೂಕರಾಗುವುದೇ ರಾಜ್ಯಶಾಸ್ತ್ರ ಉಪನ್ಯಾಸಕರ ನಿಜವಾದ ತೊಡಕು.

ಈ ತೊಡಕಿಗೆ ಹಿನ್ನೆಲೆಯೂ ಇದೆ. ಶಾಲೆಯ ‘ಪೌರನೀತಿ’ ವಿಧೇಯ ಪ್ರಜೆಗಳನ್ನು ತಯಾರಿಸುವ ವಸಾಹತು ಕಾಲದ ಉದ್ದೇಶದಿಂದ ಬೆಳೆದ ವಿಷಯ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಅದರ ಜಾಗದಲ್ಲಿ ರಾಜ್ಯಶಾಸ್ತ್ರ ಬರಬೇಕೆಂದು ಸೂಚಿಸಿತು. ಪುಸ್ತಕಗಳು ಬದಲಾದವು. ಪಟ್ಟಿ ಹೇಳಿ ಬರೆಸುವ ಅಭ್ಯಾಸ ಮಾತ್ರ ಹಾಗೇ ಉಳಿಯಿತು.

ಊರಿಂದ ಹೊರಟರೆ ಏಕೆ ತಲೆಗೆ ಹತ್ತುತ್ತದೆ?

ರಾಜಕೀಯದ ಯಾವ ಪರಿಕಲ್ಪನೆಯನ್ನೇ ಬಿಚ್ಚಿ ನೋಡಿ, ಒಳಗೆ ನಾಲ್ಕು ಸಂಗತಿಗಳಿರುತ್ತವೆ. ಯಾರಿಗೆ ಏನು ಬೇಕು, ತೀರ್ಮಾನಿಸುವ ಅಧಿಕಾರ ಯಾರದು, ಯಾವ ನಿಯಮದ ಪ್ರಕಾರ, ಆ ತೀರ್ಮಾನವನ್ನು ಒಪ್ಪದವನಿಗೆ ಇರುವ ದಾರಿ ಯಾವುದು. ಭದ್ರತಾ ಮಂಡಳಿಯಲ್ಲಿ ನಡೆಯುವುದೂ ಇದೇ, ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ತೂಬಿನ ಮುಂದೆ ನಡೆಯುವುದೂ ಇದೇ. ತೂಬಿನ ಜಗಳ ವಿದ್ಯಾರ್ಥಿಗೆ ಮೊದಲೇ ಗೊತ್ತು. ಗೊತ್ತಿರುವ ಆ ಜಗಳದ ಮೇಲೆ ಹೊಸ ಪದವನ್ನು ಕೂರಿಸಿದರೆ ಅದು ನಿಲ್ಲುತ್ತದೆ. ಗಾಳಿಯಲ್ಲಿ ಹೇಳಿದ ಪದ ಪರೀಕ್ಷೆ ಮುಗಿಯುವತನಕ ಮಾತ್ರ ಉಳಿಯುತ್ತದೆ.

ಆದರೆ ಊರಲ್ಲೇ ನಿಂತುಬಿಟ್ಟರೆ ಅದು ಹರಟೆಯಾಗುತ್ತದೆ. ಪ್ರತಿ ಪಾಠವೂ ಊರಿಂದ ಹೊರಟು ಬೆಂಗಳೂರು, ದೆಹಲಿಯತ್ತ ಸಾಗಬೇಕು, ಆದಲ್ಲಿ ಹೊರದೇಶವನ್ನೂ ಮುಟ್ಟಬೇಕು. ಅಂಥ ಐದು ದಾರಿಗಳು ಇಲ್ಲಿವೆ. ಮೊದಲ ಎರಡಕ್ಕೆ ಹೆಚ್ಚು ಸಮಯ ಕೊಡಿ.

1. ನಾಲೆ: ಒಕ್ಕೂಟ ವ್ಯವಸ್ಥೆ ಮತ್ತು ನದಿ ರಾಜಕಾರಣ

ತರಗತಿಯನ್ನು ನಾಲ್ಕು ಸಾಲು ಮಾಡಿ. ಮೊದಲ ಸಾಲು ಪಾಂಡವಪುರ, ಎರಡನೆಯದು ಮಂಡ್ಯ, ಮೂರನೆಯದು ಮದ್ದೂರು, ಕೊನೆಯದು ಮಳವಳ್ಳಿ. ಪ್ರತಿ ಸಾಲಿಗೂ ಬೆಳೆ ಕೈಗೆ ಬರಲು ಆರು ಚೀಟಿ ನೀರು ಬೇಕು. ಮೊದಲ ಸುತ್ತಿನಲ್ಲಿ 24 ಚೀಟಿಯನ್ನು ಮುಂದಿನ ಸಾಲಿನ ಕೈಗೆ ಕೊಡಿ, ತಮ್ಮ ಪಾಲು ಇಟ್ಟುಕೊಂಡು ಹಿಂದಕ್ಕೆ ದಾಟಿಸಲಿ. ಜಗಳವಿಲ್ಲದೆ ಮುಗಿಯುತ್ತದೆ. ಎರಡನೇ ಸುತ್ತಿನಲ್ಲಿ ‘ಮಳೆ ಕೈಕೊಟ್ಟಿದೆ’ ಎಂದು 14 ಚೀಟಿಯನ್ನಷ್ಟೇ ಕೊಡಿ. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಒಂದೋ ಎರಡೋ ಚೀಟಿ ಉಳಿದಿದ್ದರೆ ಹೆಚ್ಚು. ‘ನಮ್ಗೂ ಬೆಳೆ ಒಣಗ್ತದೆ ಸಾರ್’ ಎಂಬ ಮಾತು ಹಿಂದಿನ ಬೆಂಚಿನಿಂದ ತಾನಾಗಿ ಬರುತ್ತದೆ. ಕಟ್ಟು ಪದ್ಧತಿಯಲ್ಲಿ ನೀರು ಬಿಟ್ಟಾಗ ಕೊನೇ ಭಾಗಕ್ಕೆ ತಲುಪಲಿಲ್ಲವೆಂದು ಮದ್ದೂರು, ಮಳವಳ್ಳಿಯ ರೈತರು ಹೇಳುವುದು ಇದನ್ನೇ.

ಈಗ ಹೆಸರು ಬದಲಿಸಿ. ಮುಂದಿನ ಸಾಲು ಕರ್ನಾಟಕ, ಹಿಂದಿನ ಸಾಲು ತಮಿಳುನಾಡು. ಈವರೆಗೆ ಕೊನೇ ಭಾಗದ ಹಕ್ಕು ಕೇಳುತ್ತಿದ್ದ ಹುಡುಗ ಹುಡುಗಿಯರು ತಾವು ಮಂಡಿಸುತ್ತಿದ್ದ ವಾದ ತಂಜಾವೂರಿನ ರೈತನದೂ ಹೌದೆಂದು ಕಾಣುತ್ತಾರೆ. ಕರ್ನಾಟಕದ ಪಟ್ಟು ಇದರಿಂದ ದುರ್ಬಲವಾಗುವುದಿಲ್ಲ. ಎದುರಿನವರ ವಾದ ಗೊತ್ತಿದ್ದಾಗಲೇ ನಮ್ಮ ವಾದಕ್ಕೆ ಕಸುವು ಬರುವುದು, ಕಾವೇರಿ ನ್ಯಾಯಮಂಡಳಿಯ ಮುಂದೆ ನಿಂತ ವಕೀಲರೂ ಮಾಡಿದ್ದು ಅದನ್ನೇ.

ಆಟ ಮುಗಿದ ಮೇಲೆ ಬೋರ್ಡಿನ ಮೇಲೆ ವರ್ಷಗಳು ಬರಲಿ. 1892 ಮತ್ತು 1924ರ ಒಪ್ಪಂದಗಳು. 1956ರ ಅಂತರರಾಜ್ಯ ಜಲವಿವಾದ ಕಾಯ್ದೆ. 1990ರಲ್ಲಿ ನ್ಯಾಯಮಂಡಳಿ. 1991ರಲ್ಲಿ 205 ಟಿಎಂಸಿ ಬಿಡಬೇಕೆಂಬ ಮಧ್ಯಂತರ ಆದೇಶ; ಅದನ್ನು ತಡೆಯಲು ಬಂಗಾರಪ್ಪ ಸರ್ಕಾರ ತಂದ ಸುಗ್ರೀವಾಜ್ಞೆ; ಅದು ಸಂವಿಧಾನಬಾಹಿರವೆಂದು ಸುಪ್ರೀಂ ಕೋರ್ಟ್ ಕೊಟ್ಟ ಅಭಿಪ್ರಾಯ. 2007ರ ಐತೀರ್ಪಿನಲ್ಲಿ 740 ಟಿಎಂಸಿಯ ಲೆಕ್ಕದಲ್ಲಿ ತಮಿಳುನಾಡಿಗೆ 419, ಕರ್ನಾಟಕಕ್ಕೆ 270, ಕೇರಳಕ್ಕೆ 30, ಪುದುಚೇರಿಗೆ 7. ಫೆಬ್ರುವರಿ 16, 2018ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ಕರ್ನಾಟಕದ ಪಾಲು 14.75 ಟಿಎಂಸಿ ಏರಿ 284.75 ಆಯಿತು. ಅದೇ ವರ್ಷ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ ಬಂತು. ಇಷ್ಟನ್ನು ಗೊತ್ತುಮಾಡಿಕೊಂಡ ವಿದ್ಯಾರ್ಥಿಗೆ ಕೇಂದ್ರ-ರಾಜ್ಯ ಸಂಬಂಧದ ಅರ್ಧ ಅಧ್ಯಾಯ ಮುಗಿದಂತೆ.

ಒಂದು ಲೆಕ್ಕವನ್ನೂ ಮಾಡಿಸಿ. 2023ರ ಸೆಪ್ಟೆಂಬರ್‌ನಲ್ಲಿ ಪ್ರಾಧಿಕಾರ 15 ದಿನ 5,000 ಕ್ಯೂಸೆಕ್ ಪ್ರಮಾಣದಲ್ಲಿ ನೀರು ಬಿಡಲು ಹೇಳಿದಾಗ ಮಂಡ್ಯ ಬಂದ್ ಆಯಿತು. ಅದು ಒಟ್ಟು ಎಷ್ಟು ನೀರು? ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ದಿನಕ್ಕೆ 86,400 ಸೆಕೆಂಡು, ಟಿಎಂಸಿ ಎಂದರೆ 100 ಕೋಟಿ ಘನ ಅಡಿ. ಗುಣಿಸಿ ಭಾಗಿಸಿದರೆ 6.48 ಟಿಎಂಸಿ. ಪೂರ್ತಿ ತುಂಬಿದ ಕೆಆರ್‌ಎಸ್‌ನಲ್ಲಿ ಸುಮಾರು 49.45 ಟಿಎಂಸಿ. ಸಂಖ್ಯೆ ಕೈಗೆ ಸಿಕ್ಕಿದ ಮೇಲೆ ತರಗತಿಯ ಮಾತಿನ ದನಿಯೇ ಬದಲಾಗುತ್ತದೆ. ಬಂದ್ ಸರಿಯೋ ತಪ್ಪೋ ಎಂಬ ಪ್ರಶ್ನೆಯ ಜೊತೆಗೆ, ಮಳೆ ಕಡಿಮೆಯಾದ ವರ್ಷ ಕೊರತೆಯನ್ನು ಹಂಚಿಕೊಳ್ಳುವ ಸೂತ್ರ ಏನಿರಬೇಕು ಎಂಬ ಅಸಲಿ ಪ್ರಶ್ನೆಯೂ ಮೇಲೆ ಬರುತ್ತದೆ.

ಚುರುಕಾದ ವಿದ್ಯಾರ್ಥಿಗಳಿಗೆ ಇನ್ನೊಂದು ಪ್ರಶ್ನೆ: ಸಂವಿಧಾನದ 262ನೇ ವಿಧಿಯಡಿ ಜಲವಿವಾದಗಳನ್ನು ನ್ಯಾಯಾಲಯಗಳಿಂದ ಹೊರಗಿಡಲು ಸಂಸತ್ತಿಗೆ ಅಧಿಕಾರವಿದೆ, 1956ರ ಕಾಯ್ದೆ ಹೊರಗಿಟ್ಟಿದೆ, ಹಾಗಿದ್ದೂ ಸುಪ್ರೀಂ ಕೋರ್ಟ್ ಈ ಮೇಲ್ಮನವಿಗಳನ್ನು ಕೇಳಿದ್ದು ಹೇಗೆ? 136ನೇ ವಿಧಿಯ ತನ್ನ ಅಧಿಕಾರವನ್ನು ಕಾಯ್ದೆ ಕಿತ್ತುಕೊಳ್ಳಲಾರದೆಂದು ಕೋರ್ಟ್ 2016ರ ಡಿಸೆಂಬರ್‌ನಲ್ಲಿ ಹೇಳಿತು.

ಇಲ್ಲಿಂದ ಗಡಿ ದಾಟುವುದು ಸುಲಭ. ವಿಶ್ವ ಬ್ಯಾಂಕ್ ಮಧ್ಯಸ್ಥಿಕೆಯಲ್ಲಿ ಆದ 1960ರ ಸಿಂಧೂ ಒಪ್ಪಂದ, 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿಯ ನಂತರ ಭಾರತ ಅದನ್ನು ತಡೆಹಿಡಿದದ್ದು, ನೀಲಿ ನೈಲ್ ನದಿಗೆ ಇಥಿಯೋಪಿಯ ಕಟ್ಟಿದ ಅಣೆಕಟ್ಟಿಗೆ ಈಜಿಪ್ಟಿನ ವಿರೋಧ. ಎರಡು ರಾಜ್ಯಗಳ ಮೇಲೆ ಸುಪ್ರೀಂ ಕೋರ್ಟ್ ಇದೆ, ಎರಡು ದೇಶಗಳ ಮೇಲೆ ಯಾರಿದ್ದಾರೆ? ಅಂತರರಾಷ್ಟ್ರೀಯ ರಾಜಕಾರಣದ ಮೊದಲ ಪಾಠ ಇದೊಂದೇ ಪ್ರಶ್ನೆಯಲ್ಲಿದೆ.

2. ಕಬ್ಬು: ವಿಶ್ವ ವ್ಯಾಪಾರ ಸಂಸ್ಥೆ

ಜಾಗತೀಕರಣದ ಅಧ್ಯಾಯವನ್ನು ವ್ಯಾಖ್ಯೆಯಿಂದ ಶುರು ಮಾಡಬೇಡಿ, ಎಫ್‌ಆರ್‌ಪಿಯಿಂದ ಶುರು ಮಾಡಿ. ಕಬ್ಬು ಬೆಳೆಯುವ ಮನೆಯ ಮಕ್ಕಳಿಗೆ ಈ ಮೂರಕ್ಷರ ಗೊತ್ತು. ಇದು ಕಬ್ಬಿಗೆ ಕೇಂದ್ರ ಸರ್ಕಾರ ನಿಗದಿ ಮಾಡುವ ನ್ಯಾಯಯುತ ಮತ್ತು ಲಾಭದಾಯಕ ದರ. 2024-25ರ ಹಂಗಾಮಿಗೆ ಶೇ 10.25 ಸಕ್ಕರೆ ಇಳುವರಿಯ ಕಬ್ಬಿಗೆ ಕ್ವಿಂಟಲ್‌ಗೆ 340 ರೂಪಾಯಿ, ಅಂದರೆ ಟನ್ನಿಗೆ 3,400; 2025-26ಕ್ಕೆ 3,550. ಕಬ್ಬು ಕೊಟ್ಟ 14 ದಿನದೊಳಗೆ ಕಾರ್ಖಾನೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ.

ಈ ದರದ ಬಗ್ಗೆ ಬ್ರೆಜಿಲ್, ಆಸ್ಟ್ರೇಲಿಯ ಮತ್ತು ಗ್ವಾಟೆಮಾಲ 2019ರಲ್ಲಿ ಜಿನೀವಾದ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟವು ಎಂದು ಹೇಳಿ ನೋಡಿ. ಮದ್ದೂರಿನ ಗದ್ದೆಯ ಕಬ್ಬಿನ ಮೇಲೆ ಬ್ರೆಜಿಲ್‌ಗೇನು ಹೊಟ್ಟೆಉರಿ ಎಂದು ತರಗತಿ ಕೇಳಿಯೇ ಕೇಳುತ್ತದೆ. ಅಲ್ಲಿಗೆ ಪಾಠ ಅರ್ಧ ಗೆದ್ದಂತೆ. ಬ್ರೆಜಿಲ್ ಜಗತ್ತಿನಲ್ಲೇ ಅತಿ ಹೆಚ್ಚು ಸಕ್ಕರೆ ರಫ್ತು ಮಾಡುವ ದೇಶ. ಸರ್ಕಾರದ ಬೆಂಬಲದಲ್ಲಿ ಭಾರತದ ಸಕ್ಕರೆ ಹೊರಗೆ ಬಂದರೆ ಜಾಗತಿಕ ಬೆಲೆ ಕುಸಿಯುತ್ತದೆ ಎಂಬುದು ಅವರ ವಾದ. ಅಭಿವೃದ್ಧಿಶೀಲ ದೇಶಗಳು ಒಂದು ಬೆಳೆಗೆ ಕೊಡುವ ಬೆಂಬಲ ಅದರ ಉತ್ಪಾದನಾ ಮೌಲ್ಯದ ಶೇ 10 ಮೀರಬಾರದೆಂಬ ಮಿತಿ ಇದೆ. ಭಾರತ ಆ ಮಿತಿ ದಾಟಿದೆ ಎಂದು ಡಿಸೆಂಬರ್ 14, 2021ರಂದು ತಜ್ಞರ ಸಮಿತಿ ಹೇಳಿತು. ಕಾರ್ಖಾನೆಗಳು ಕೊಡುವ ದರವನ್ನು ಸರ್ಕಾರದ ಬೆಂಬಲವೆಂದು ಲೆಕ್ಕ ಹಾಕುವುದೇ ತಪ್ಪೆಂಬುದು ಭಾರತದ ವಾದ. ಆಮೇಲೆ ಭಾರತ ಮೇಲ್ಮನವಿ ಸಲ್ಲಿಸಿತು.

ಆ ಮೇಲ್ಮನವಿ ಹೋಗಿ ನಿಂತದ್ದು ಎಲ್ಲಿ? ಹೊಸ ಸದಸ್ಯರ ನೇಮಕಕ್ಕೆ ಅಮೆರಿಕ ಒಪ್ಪದೆ 2019ರ ಡಿಸೆಂಬರ್‌ನಿಂದಲೇ ಕೆಲಸ ನಿಲ್ಲಿಸಿದ್ದ ಮೇಲ್ಮನವಿ ಮಂಡಳಿಯ ಮುಂದೆ. ವಾದ ಕೇಳಲು ಪೀಠವೇ ಇಲ್ಲದ್ದರಿಂದ ಪ್ರಕರಣ ಹಾಗೇ ನಿಂತಿತು. ಅಂತರರಾಷ್ಟ್ರೀಯ ಸಂಸ್ಥೆಗಳ ಶಕ್ತಿಯನ್ನೂ ಮಿತಿಯನ್ನೂ ಒಟ್ಟಿಗೆ ತೋರಿಸುವ ಇಂಥ ಉದಾಹರಣೆ ಇನ್ನೊಂದು ಸಿಗುವುದು ಕಷ್ಟ. ಅದು ಈ ತಾಲ್ಲೂಕುಗಳ ಬೆಳೆಯದೇ ಕಥೆ ಎಂಬುದು ಇಲ್ಲಿನ ಉಪನ್ಯಾಸಕರ ಅದೃಷ್ಟ.

ಯೋಜನಾ ಕಾರ್ಯಕ್ಕೆ ಇದನ್ನೇ ಕೊಡಬಹುದು. ವಿದ್ಯಾರ್ಥಿ ಮನೆಯ ಅಥವಾ ಪಕ್ಕದ ಮನೆಯ ಕಬ್ಬಿನ ಪಾವತಿ ಚೀಟಿ ನೋಡಿ ತೂಕ, ದರ, ಕಟಾವು ಮತ್ತು ಸಾಗಣೆಗೆ ಮುರಿದುಕೊಂಡದ್ದು, ಹಣ ಬಂದ ದಿನ ಇಷ್ಟನ್ನು ಬರೆದುಕೊಳ್ಳಲಿ. ಪ್ರತಿಯೊಂದರ ಪಕ್ಕದಲ್ಲಿ ಅದನ್ನು ತೀರ್ಮಾನಿಸಿದವರು ಕಾರ್ಖಾನೆಯೋ ರಾಜ್ಯವೋ ಕೇಂದ್ರವೋ ಎಂದು ಗುರುತಿಸಲಿ. ಮನೆಯವರ ಹೆಸರು, ಖಾತೆ ಸಂಖ್ಯೆ ವರದಿಯಲ್ಲಿ ಬರಕೂಡದು.

3. ಓಟು: ಪಕ್ಷ ಪದ್ಧತಿ ಮತ್ತು ಮೈತ್ರಿ

ಮಂಡ್ಯ ಜಿಲ್ಲೆಯ ಏಳು ವಿಧಾನಸಭಾ ಕ್ಷೇತ್ರಗಳನ್ನೂ 2018ರಲ್ಲಿ ಜೆಡಿಎಸ್ ಗೆದ್ದಿತು. ಮರುವರ್ಷದ ಲೋಕಸಭಾ ಚುನಾವಣೆಯಲ್ಲಿ ಅದೇ ಪಕ್ಷ ಕಾಂಗ್ರೆಸ್ ಜೊತೆಗಿದ್ದೂ ಸೋತಿತು. ಬಿಜೆಪಿ ಬೆಂಬಲ ಪಡೆದ ಪಕ್ಷೇತರ ಅಭ್ಯರ್ಥಿ ಸುಮಲತಾ ಅಂಬರೀಶ್ 1,25,876 ಮತಗಳಿಂದ ಗೆದ್ದರು. 2023ರಲ್ಲಿ ಕಾಂಗ್ರೆಸ್‌ಗೆ ಐದು, ಜೆಡಿಎಸ್‌ಗೆ ಒಂದು, ಸರ್ವೋದಯ ಕರ್ನಾಟಕ ಪಕ್ಷಕ್ಕೆ ಒಂದು. 2024ರ ಲೋಕಸಭಾ ಚುನಾವಣೆಯಲ್ಲಿ ಜೆಡಿಎಸ್ ಬಿಜೆಪಿ ಜೊತೆಗಿತ್ತು, ಎಚ್.ಡಿ. ಕುಮಾರಸ್ವಾಮಿ ಗೆದ್ದು ಕೇಂದ್ರ ಸಚಿವರಾದರು.

ಆರು ವರ್ಷದಲ್ಲಿ ನಾಲ್ಕು ಸಾರ್ವತ್ರಿಕ ಚುನಾವಣೆ, ನಾಲ್ಕು ಬಗೆಯ ಫಲಿತಾಂಶ. ಇದನ್ನು ಕೋಷ್ಟಕ ಮಾಡಿಸಿ, ಪ್ರಾದೇಶಿಕ ಪಕ್ಷ, ಮೈತ್ರಿ, ಪಕ್ಷೇತರ, ಮತ ವರ್ಗಾವಣೆ ಎಂಬ ಪದಗಳನ್ನು ಅದರ ಮೇಲೆ ಕಲಿಸಿ. ಜೊತೆಗೆ ನಕ್ಷೆ ಕೊಡಿ. ಮಂಡ್ಯ ಲೋಕಸಭಾ ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳಿವೆ, ಎಂಟನೆಯದು ಮೈಸೂರು ಜಿಲ್ಲೆಯ ಕೆ.ಆರ್. ನಗರ. ಮಳವಳ್ಳಿ ಪರಿಶಿಷ್ಟ ಜಾತಿಗೆ ಮೀಸಲು. ಕಿರುಗಾವಲು ಎಂಬ ಕ್ಷೇತ್ರವಿತ್ತು, ಕ್ಷೇತ್ರ ಮರುವಿಂಗಡಣೆಯಲ್ಲಿ ಮಾಯವಾಯಿತು. ಏಕೆ ಎಂದು ಹುಡುಕಲು ಬಿಡಿ.

4. ಶಿವಪುರ: ರಾಷ್ಟ್ರ ನಿರ್ಮಾಣ

ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಮದ್ದೂರಿನ ಪಕ್ಕದ ಶಿವಪುರದ ಸತ್ಯಾಗ್ರಹ ಸೌಧವನ್ನು ಮಕ್ಕಳು ದಿನವೂ ಬಸ್ಸಿನಿಂದ ನೋಡುತ್ತಾರೆ, ಒಳಗೆ ಹೋದವರು ಕಡಿಮೆ. ಒಂದು ಬೆಳಿಗ್ಗೆ ಕರೆದುಕೊಂಡು ಹೋಗಿ. 1938ರ ಏಪ್ರಿಲ್‌ನಲ್ಲಿ ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಸೇರಿದ ಮೈಸೂರು ಕಾಂಗ್ರೆಸ್ಸಿಗರು ನಿಷೇಧಾಜ್ಞೆ ಮೀರಿ ಧ್ವಜ ಹಾರಿಸಿ ಬಂಧನಕ್ಕೊಳಗಾದ ಜಾಗ ಇದು. ಮದ್ದೂರಿನ ಕಾಲೇಜಿಗೆ ಹೆಸರು ಕೊಟ್ಟ ಎಚ್.ಕೆ. ವೀರಣ್ಣಗೌಡರು ಇದರ ಮುಂದಾಳುಗಳಲ್ಲಿ ಒಬ್ಬರು. ಎರಡು ವಾರದೊಳಗೆ ವಿದುರಾಶ್ವತ್ಥದಲ್ಲಿ ಗೋಲಿಬಾರ್ ನಡೆಯಿತು. ಬಳಿಕ ಸರ್ದಾರ್ ಪಟೇಲ್ ಮತ್ತು ದಿವಾನ್ ಮಿರ್ಜಾ ಇಸ್ಮಾಯಿಲ್ ನಡುವೆ ಒಪ್ಪಂದವಾಗಿ ಮೈಸೂರು ಧ್ವಜದ ಜೊತೆ ಕಾಂಗ್ರೆಸ್ ಧ್ವಜಕ್ಕೂ ಅವಕಾಶ ಸಿಕ್ಕಿತು. ಹೋರಾಟವಾದದ್ದು ಬ್ರಿಟಿಷ್ ಅಧಿಕಾರಿಯ ಎದುರೋ, ಮಹಾರಾಜರ ಸರ್ಕಾರದ ಎದುರೋ? ಈ ಪ್ರಶ್ನೆಯಿಂದ ದೇಶೀಯ ಸಂಸ್ಥಾನಗಳ ವಿಲೀನದ ಪಾಠಕ್ಕೆ ನೇರವಾಗಿ ಹೋಗಬಹುದು.

5. ಸೋಮನಹಳ್ಳಿಯಿಂದ ಭದ್ರತಾ ಮಂಡಳಿಗೆ

ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯ ಎಸ್.ಎಂ. ಕೃಷ್ಣ 2009ರಿಂದ 2012ರವರೆಗೆ ದೇಶದ ವಿದೇಶಾಂಗ ಸಚಿವರಾಗಿದ್ದರು. ಆ ಅವಧಿಯಲ್ಲೇ, 2011-12ರಲ್ಲಿ, ಭಾರತ ಭದ್ರತಾ ಮಂಡಳಿಯ ಕಾಯಂ ಅಲ್ಲದ ಸದಸ್ಯ. ಮಾರ್ಚ್ 17, 2011ರಂದು ಲಿಬಿಯದ ಮೇಲೆ ಹಾರಾಟ ನಿಷೇಧ ಹೇರುವ 1973ನೇ ನಿರ್ಣಯ ಮತಕ್ಕೆ ಬಂತು.

ಇದನ್ನು ತರಗತಿಯಲ್ಲಿ ಆಡಿಸಲು ಹದಿನೈದು ಮಂದಿ ಸಾಕು. ಕಾಯಂ ಸದಸ್ಯರು ಅಮೆರಿಕ, ರಷ್ಯಾ, ಚೀನಾ, ಬ್ರಿಟನ್, ಫ್ರಾನ್ಸ್. ಉಳಿದ ಹತ್ತು: ಭಾರತ, ಬ್ರೆಜಿಲ್, ಜರ್ಮನಿ, ದಕ್ಷಿಣ ಆಫ್ರಿಕ, ನೈಜೀರಿಯ, ಗ್ಯಾಬನ್, ಲೆಬನಾನ್, ಪೋರ್ಚುಗಲ್, ಕೊಲಂಬಿಯ, ಬೋಸ್ನಿಯ. ಹಿಂದಿನ ದಿನವೇ ದೇಶ ಹಂಚಿ, ಆ ದೇಶಕ್ಕೆ ಲಿಬಿಯದಲ್ಲಿ ಏನಿತ್ತು ಎಂದು ನಾಲ್ಕು ಸಾಲು ಬರೆದು ತರಲು ಹೇಳಿ. ಅಂಗೀಕಾರಕ್ಕೆ ಒಂಬತ್ತು ಮತ ಬೇಕು, ಕಾಯಂ ಸದಸ್ಯರಲ್ಲಿ ಒಬ್ಬರೂ ವಿರೋಧಿಸಬಾರದು. ತರಗತಿಯ ಮತದಾನ ಮುಗಿದ ಮೇಲೆ ನಿಜವಾಗಿ ಆದದ್ದನ್ನು ಹೇಳಿ: ಪರ ಹತ್ತು, ವಿರೋಧ ಸೊನ್ನೆ, ಭಾರತ, ಬ್ರೆಜಿಲ್, ಜರ್ಮನಿ, ರಷ್ಯಾ, ಚೀನಾ ತಟಸ್ಥ. ರಷ್ಯಾ ವಿಟೊ ಹಾಕಬಹುದಿತ್ತು, ಹಾಕಲಿಲ್ಲ. ಲಿಬಿಯದಲ್ಲಿದ್ದ ಸಾವಿರಾರು ಭಾರತೀಯರನ್ನು ಸರ್ಕಾರ ಆಗಷ್ಟೇ ಕರೆತಂದಿತ್ತು. ಅಲ್ಲಿನ ಪರಿಸ್ಥಿತಿಯ ಖಚಿತ ಮಾಹಿತಿಯಿಲ್ಲದೆ ನಿರ್ಣಯ ಮಾಡಲಾಗುತ್ತಿದೆ ಎಂಬುದು ತಟಸ್ಥವಾಗಿರಲು ಭಾರತ ಕೊಟ್ಟ ಕಾರಣ. ‘ಯಾರಿಂದ ಅಲಿಪ್ತ?’ ಎಂಬ ಪ್ರಶ್ನೆಯನ್ನು ಕೇಳಬೇಕಾದ್ದು ಈಗ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಮಾಹಿತಿ ಕೊಡದೆ ಚರ್ಚೆಗೆ ಬಿಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ‘ಒಂದು ದೇಶ ಒಂದು ಚುನಾವಣೆ ಬೇಕೋ ಬೇಡವೋ’ ಎಂದು ಥಟ್ಟನೆ ಕೇಳಿದರೆ ದನಿ ದೊಡ್ಡದಿರುವವರು ಗೆಲ್ಲುತ್ತಾರೆ, ಹೆಣ್ಣುಮಕ್ಕಳು ಸುಮ್ಮನಾಗುತ್ತಾರೆ. ಮೊದಲು ಒಂದು ಪುಟ ಓದು, ಆಮೇಲೆ ಎರಡು ಸಾಲು ಬರಹ, ಕೊನೆಗೆ ಮಾತು. ಬರೆದದ್ದು ಕೈಯಲ್ಲಿದ್ದರೆ ಸಂಕೋಚದವರೂ ಓದಿ ಹೇಳುತ್ತಾರೆ.

ಪ್ರಚಲಿತ ವಿದ್ಯಮಾನವೆಂದು ದಿನವೂ ಹತ್ತು ತಲೆಬರಹ ಓದಿಸುವುದು ಇನ್ನೊಂದು. ವಾರಕ್ಕೆ ಒಂದೇ ಸುದ್ದಿ ಸಾಕು, ಆದರೆ ಎರಡು ಪತ್ರಿಕೆಯಲ್ಲಿ. ಒಂದೇ ದಿನದ ಕಾವೇರಿ ಸುದ್ದಿಯನ್ನು ಬೆಂಗಳೂರಿನ ಪತ್ರಿಕೆಯಲ್ಲೂ ಚೆನ್ನೈನ ಇಂಗ್ಲಿಷ್ ಪತ್ರಿಕೆಯಲ್ಲೂ ಓದಿಸಿ, ಸಂಖ್ಯೆಗಳು ಎಲ್ಲಿ ಒಂದೇ ಇವೆ, ವಿಶೇಷಣಗಳು ಎಲ್ಲಿ ಬದಲಾಗಿವೆ ಎಂದು ಗೆರೆ ಹಾಕಿಸಿ. ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದನ್ನು ಆಧಾರವಾಗಿ ಒಪ್ಪಬೇಡಿ.

ಫಲಿತಾಂಶವನ್ನೆಲ್ಲ ಜಾತಿ ಲೆಕ್ಕದಲ್ಲಿ ಮುಗಿಸುವುದೂ ತಪ್ಪೇ. ಜಾತಿ ಒಂದು ಕಾರಣ ಹೌದು. ಅದೊಂದೇ ಆಗಿದ್ದರೆ ಮೇಲಿನ ನಾಲ್ಕು ಚುನಾವಣೆಗಳು ನಾಲ್ಕು ದಿಕ್ಕಿಗೆ ಹೋಗುತ್ತಿರಲಿಲ್ಲ.

ಪರೀಕ್ಷೆಯನ್ನು ಮರೆಯುವಂತೆಯೂ ಇಲ್ಲ. ಪ್ರತಿ ಚಟುವಟಿಕೆಯ ಕೊನೆಯ ಹತ್ತು ನಿಮಿಷ ಐದು ಅಂಕದ ಒಂದು ಉತ್ತರ ಬರೆಸಿ: ಪಠ್ಯದ ಅಂಶ ಮೊದಲು, ಸ್ಥಳೀಯ ಉದಾಹರಣೆ ಒಂದೇ ವಾಕ್ಯದಲ್ಲಿ. ಮೌಲ್ಯಮಾಪಕರು ಹುಡುಕುವುದು ಪಠ್ಯದ ಅಂಶಗಳನ್ನು. ಉದಾಹರಣೆ ಎಷ್ಟೇ ಚೆನ್ನಾಗಿದ್ದರೂ ಅವುಗಳ ಬದಲಿಗೆ ಬರಲಾರದು.

ಎಚ್ಚರಿಕೆ

ಉಪನ್ಯಾಸಕರ ಓಟು ಯಾರಿಗೆ ಎಂಬುದು ತರಗತಿಗೆ ಗೊತ್ತಾಗಕೂಡದು. ಸಣ್ಣ ಊರಿನಲ್ಲಿ ಇದು ಸುಲಭವಲ್ಲ, ಆದರೂ ಬೇಕು. ಗೊತ್ತಾದ ದಿನದಿಂದ ಮಕ್ಕಳು ನಿಮಗೆ ಹಿತವಾದದ್ದನ್ನೇ ಹೇಳುತ್ತಾರೆ, ಪಾಠ ಅಲ್ಲಿಗೆ ಮುಗಿಯಿತು.

ಕಾವೇರಿ ಪಾಠದಲ್ಲಿ ಭಾಷೆಯ ಮೇಲೆ ಹಿಡಿತವಿರಲಿ. 1991ರಲ್ಲೂ 2016ರಲ್ಲೂ ಈ ವಿವಾದ ಬೀದಿಗೆ ಬಂದು ಹಿಂಸೆಗೆ ತಿರುಗಿತ್ತು. 2003ರಲ್ಲಿ ಎರಡೂ ರಾಜ್ಯಗಳ ರೈತರು ‘ಕಾವೇರಿ ಕುಟುಂಬ’ ಎಂದು ಒಟ್ಟಿಗೆ ಕೂತು ಒಬ್ಬರ ಗದ್ದೆ ಇನ್ನೊಬ್ಬರು ನೋಡಿ ಬಂದದ್ದನ್ನೂ ಮಕ್ಕಳಿಗೆ ಹೇಳಿ.

2024ರ ಜನವರಿಯಲ್ಲಿ ಕೆರಗೋಡಿನ ಪಂಚಾಯಿತಿ ಜಾಗದಲ್ಲಿ ಧ್ವಜ ಹಾರಿಸಿದ್ದರ ವಿವಾದ, 2025ರ ಸೆಪ್ಟೆಂಬರ್‌ನಲ್ಲಿ ಮದ್ದೂರಿನ ಗಣೇಶ ಮೆರವಣಿಗೆಯ ವೇಳೆ ನಡೆದ ಕಲ್ಲು ತೂರಾಟ. ಇಂಥವು ತರಗತಿಗೆ ಬಂದೇ ಬರುತ್ತವೆ. ಗಾಯ ಹಸಿಯಿರುವಾಗ ಚರ್ಚೆಗೆ ಎಳೆಯಬೇಡಿ. ಬೇರೆ ಬೇರೆ ಸಮುದಾಯದ ಮಕ್ಕಳು ಒಂದೇ ಬೆಂಚಿನಲ್ಲಿ ಕೂತಿರುತ್ತಾರೆ. ಅವರೇ ಕೇಳಿದರೆ ನಿಯಮದಿಂದ ಶುರು ಮಾಡಿ: ಪಂಚಾಯಿತಿ ಜಾಗದಲ್ಲಿ ಅನುಮತಿ ಕೊಡುವವರು ಯಾರು, ಧ್ವಜ ಸಂಹಿತೆ ಏನನ್ನುತ್ತದೆ, ಶಾಂತಿ ಕಾಯುವಲ್ಲಿ ಜಿಲ್ಲಾಡಳಿತದ ಅಧಿಕಾರವೆಷ್ಟು. ಮಕ್ಕಳನ್ನು ಪರ-ವಿರೋಧ ಎಂದು ಎರಡು ಪಂಗಡ ಮಾಡುವ ವಿಷಯ ಇದಲ್ಲವೇ ಅಲ್ಲ.

ಒಂದು ಕೆಲಸವನ್ನಂತೂ ಈ ವರ್ಷವೇ ಮಾಡಿ. ಮತದಾರರ ನೋಂದಣಿಗೆ ಈಗ ವರ್ಷದಲ್ಲಿ ನಾಲ್ಕು ಅರ್ಹತಾ ದಿನಾಂಕಗಳಿವೆ: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. ಹದಿನೇಳು ತುಂಬಿದವರು ಮುಂಗಡವಾಗಿಯೇ ನಮೂನೆ 6 ಸಲ್ಲಿಸಬಹುದು. ಕಾಲೇಜಿನ ಮತದಾರರ ಸಾಕ್ಷರತಾ ಕ್ಲಬ್ ಮೂಲಕ ಪ್ರತಿ ವಿದ್ಯಾರ್ಥಿಯ ಜನ್ಮದಿನಾಂಕ ನೋಡಿ ಪಟ್ಟಿ ಮಾಡಿ, ಜನವರಿ 25ರ ರಾಷ್ಟ್ರೀಯ ಮತದಾರರ ದಿನದೊಳಗೆ ಅರ್ಹರ ಅರ್ಜಿಗಳೆಲ್ಲ ಸಲ್ಲಿಕೆಯಾಗುವಂತೆ ನೋಡಿಕೊಳ್ಳಿ.